35 ಹೋಗಿ 33 ಬಂತು, ಯಾರ ಲೆಕ್ಕ?

ಕಲಬುರಗಿಯಿಂದ ತಂಗಿ ಫೋನ್ ಮಾಡಿದ್ದಳು. "ಅಣ್ಣಾ, ಎಸ್ಸೆಸ್ಸೆಲ್ಸಿ ಪಾಸಿಗೆ ಇನ್ನ ಮ್ಯಾಲ 33 ಸಾಕಂತ. ಹೋದ್ ವರ್ಷನೇ ಮಾಡಿದ್ರ ನಮ್ ಹುಡುಗ ಫೇಲ್ ಆಗ್ತಿದ್ದಿಲ್ಲ ನೋಡು." 2025ರಲ್ಲಿ ಅಳಿಯನಿಗೆ ಗಣಿತ ಎರಡೇ ಅಂಕಕ್ಕೆ ಹೋಗಿತ್ತು. ಆ ಸಲ ನಮ್ಮ ಜಿಲ್ಲೆ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆ. ಹುಡುಗನನ್ನು ಬೈದವರು ಬಹಳ ಮಂದಿ. 35 ಯಾಕೆ ಅಂತ ಕೇಳಿದವರು ಒಬ್ಬರೂ ಇಲ್ಲ.

ನಾನು ಪಾಠ ಮಾಡೋದು ಇಂಗ್ಲೆಂಡಿನ ಒಂದು ಮೆಡಿಕಲ್ ಕಾಲೇಜಿನಲ್ಲಿ. ಇಲ್ಲಿ ಪ್ರತಿ ಪ್ರಶ್ನೆಪತ್ರಿಕೆಗೂ ಪಾಸ್ ಅಂಕ ಬೇರೆ. ಹತ್ತು ಮಂದಿ ಮೇಷ್ಟ್ರು ಕೂತು ಒಂದೊಂದೇ ಪ್ರಶ್ನೆ ನೋಡುತ್ತೇವೆ. ಪಾಸಿನ ಅಂಚಿನಲ್ಲಿರುವ ನೂರು ಹುಡುಗರಲ್ಲಿ ಎಷ್ಟು ಜನ ಇದಕ್ಕೆ ಸರಿ ಉತ್ತರ ಕೊಟ್ಟಾರು? 1971ರಲ್ಲಿ ಅಮೆರಿಕದ ವಿಲಿಯಂ ಆಂಗಾಫ್ ಬರೆದ ದಾರಿ ಇದು. ಒಂದು ಇಸಿಜಿ ಪ್ರಶ್ನೆಗೆ ನಾನು 70 ಅಂದೆ. ಪಕ್ಕದಲ್ಲಿದ್ದ ಸರ್ಜನ್ 40 ಅಂದ. "ಇದು ನನಗೇ ಬರಲ್ಲ ಮಾರಾಯಾ" ಅಂತ ನಕ್ಕ.

ನನಗೆ ಹಿಡಿಸಿದ್ದು ಆಮೇಲಿನ ಕೆಲಸ. ಎಲ್ಲ ಪ್ರಶ್ನೆಗಳಿಗೆ ಹತ್ತೂ ಮಂದಿ ಹೇಳಿದ್ದರ ಸರಾಸರಿ 58 ಬಂತು, ಅದೇ ಪಾಸ್ ಗೆರೆ ಅಂತಿಟ್ಟುಕೊಳ್ಳಿ. ಅಲ್ಲಿಗೇ ಮುಗಿಸಲ್ಲ. ಬೇರೆ ಹತ್ತು ಮಂದಿ ಕೂತಿದ್ದರೂ ಇದೇ ಬರುತ್ತಿತ್ತಾ ಅಂತ ಲೆಕ್ಕ ಹಾಕುತ್ತಾರೆ. ಇಡೀ ಪತ್ರಿಕೆಗೆ ಒಬ್ಬೊಬ್ಬರ ಅಂದಾಜು ಸರಾಸರಿಯಿಂದ ಸುಮಾರು ಆರು ಅಂಕದಷ್ಟು ಚದುರಿದ್ದರೆ, ಆ ಆರನ್ನು ಹತ್ತರ ವರ್ಗಮೂಲದಿಂದ ಭಾಗಿಸಬೇಕು. ಸುಮಾರು ಎರಡು ಬರುತ್ತದೆ. ಅಂದರೆ ಆ ಗೆರೆಯೇ ಎರಡು ಅಂಕ ಅತ್ತಿತ್ತ ಅಲುಗುತ್ತದೆ. ಅಳಿಯ ಬಿದ್ದದ್ದೂ ಎರಡಕ್ಕೇ, ಅಲ್ವಾ?

ಗಂಜ್‌ನಲ್ಲಿ ತೊಗರಿ ಹಾಕುವಾಗ ತಕ್ಕಡಿ ಸರಿ ಇದೆಯಾ ಅಂತ ಹತ್ತು ಸಲ ನೋಡುವ ಮಂದಿ ನಾವು. ಮಕ್ಕಳ ವಿಷಯಕ್ಕೆ ಬಂದರೆ ಬೋರ್ಡ್ ಹೇಳಿದ ನಂಬರಿಗೆ ಸುಮ್ನೆ ತಲೆಯಾಡಿಸುತ್ತೇವೆ. ಈಗಿನ 33ಕ್ಕೂ ಕೇಳಿಬಂದ ಕಾರಣ ಸಿಬಿಎಸ್‌ಇಯಲ್ಲಿ ಅಷ್ಟೇ ಇದೆ ಅನ್ನೋದು. ಇದು ಕಾರಣವಾ?

ಇಷ್ಟೆಲ್ಲ ತಂಗಿಗೆ ಹೇಳಿದೆ. "ನಿಮ್ಮಲ್ಲಿ ಎಷ್ಟ್ ಹುಡುಗರು?" ಅಂದಳು. ನಮ್ಮದು ಕೆಲವು ನೂರು, ಅಲ್ಲಿ ಲಕ್ಷಗಟ್ಟಲೆ. ವರ್ಷ ವರ್ಷ ಪಾಸ್ ಅಂಕ ಬದಲಾದರೆ ಜೇವರ್ಗಿಯ ಒಬ್ಬ ಅಪ್ಪ ಅದನ್ನು ನಂಬುವುದೂ ಕಷ್ಟ. ಇನ್ನೊಂದನ್ನೂ ಒಪ್ಪಲೇಬೇಕು. 2024ರಲ್ಲೂ 2025ರಲ್ಲೂ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ನಡೆಸಿದರು. ಎರಡು ಅಂಕಕ್ಕೆ ಬಿದ್ದವನಿಗೆ ನನ್ನ ವರ್ಗಮೂಲಕ್ಕಿಂತ ಅದೇ ಜಾಸ್ತಿ ಉಪಕಾರ. ಅಳಿಯ ಎರಡನೇ ಪರೀಕ್ಷೆಯಲ್ಲಿ ಪಾಸಾಗಿ ಈಗ ಪಿಯುಸಿ ಓದುತ್ತಿದ್ದಾನೆ, ಗಣಿತ ಬಿಟ್ಟು.