ಮದ್ದಿನ ಡಬ್ಬಿ ಕೊಳ್ಳುವ ಮೊದಲು

ಮೊದಲು ಕೆಲವು ವರ್ಷ ಜರ್ಮನಿಯಲ್ಲಿದ್ದೆ, ಈಗ ಅಮೆರಿಕದಲ್ಲಿದ್ದೇನೆ. ಮನೆಯಲ್ಲೇ ಬಂದೂಕಿನ ತೋಟಾಕ್ಕೆ ಮದ್ದು ತುಂಬಿಕೊಳ್ಳುವ ಹವ್ಯಾಸ ಎರಡೂ ಕಡೆ ಇದೆ. ಆದರೆ ಮದ್ದು ಕೈಗೆ ಸಿಗುವ ದಾರಿ ಬೇರೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಹೊಗೆರಹಿತ ಮದ್ದಿನ ಡಬ್ಬಿಗಳು ಅಂಗಡಿಯಲ್ಲೇ ಸಾಲಾಗಿ ಕೂತಿರುತ್ತವೆ. ಜರ್ಮನಿಯಲ್ಲಿ ಮೊದಲು ತರಬೇತಿ, ಆಮೇಲೆ ಪರೀಕ್ಷೆ, ಅದಾದ ಮೇಲೆ ಸ್ಫೋಟಕ ಕಾಯ್ದೆಯ 27ನೇ ಕಲಮಿನ ಅನುಮತಿ. ಡಬ್ಬಿಯ ಮಾತು ಆಮೇಲೆ. ನಮ್ಮ ದೇಶದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದೇ ಅಪರಾಧ.

ನನಗೆ ಜರ್ಮನಿಯವರ ಕ್ರಮವೇ ಸರಿ ಅನ್ನಿಸುತ್ತದೆ. ಯಾಕೆ ಅಂದರೆ ಮದ್ದು ಆರಿಸುವುದು ಹೊರಗಿನಿಂದ ನೋಡಿದಷ್ಟು ಸುಲಭ ಅಲ್ಲ.

ಹೊಸಬರು ಮೊದಲು ಕೇಳುವುದು, ಯಾವ ಮದ್ದಿಗೆ ವೇಗ ಜಾಸ್ತಿ ಅಂತ. ಕೇಳಬೇಕಾದದ್ದು ಬೇರೆ. ಈ ಕೇಸಿಗೆ, ಅಂದರೆ ಮದ್ದು ತುಂಬುವ ತೋಟಾದ ಕೊಳವೆಗೆ, ಈ ತೂಕದ ಗುಂಡಿಗೆ ಮದ್ದು ಯಾವ ಬಿರುಸಿನಲ್ಲಿ ಉರಿಯಬೇಕು? ಪಿಸ್ತೂಲಿನ ಚಿಕ್ಕ ಕೇಸಿಗೆ ಬೇಗ ಉರಿಯುವ ಮದ್ದು, ರೈಫಲ್ಲಿನ ದೊಡ್ಡ ಕೇಸಿಗೆ ನಿಧಾನ ಉರಿಯುವುದು. ಉರಿಯುವ ವೇಗದ ಪಟ್ಟಿಗಳು ಸಿಗುತ್ತವೆ, ನಿಜ. ಆದರೆ ಅವು ಯಾವುದರ ಹಿಂದೆ ಯಾವುದು ಅನ್ನುವುದನ್ನಷ್ಟೇ ತೋರಿಸುತ್ತವೆ. ಪಟ್ಟಿಯಲ್ಲಿ ಪಕ್ಕದಲ್ಲಿದೆ ಅಂತ ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಹೆಸರೂ ಮೋಸ ಮಾಡುತ್ತದೆ. ಐಎಂಆರ್ 4350 ಮತ್ತು ಎಚ್ 4350, ಎರಡರಲ್ಲೂ ಅದೇ ಸಂಖ್ಯೆ, ಆದರೆ ಎರಡೂ ಬೇರೆ ಬೇರೆ ಮದ್ದು. ತಯಾರಕರ ಕೈಪಿಡಿಯಲ್ಲಿ ಅವಕ್ಕೆ ಬೇರೆ ಬೇರೆ ಅಳತೆ ಇರುತ್ತದೆ. ಕೈಪಿಡಿಯ ಆರಂಭದ ಅಳತೆಯಿಂದಲೇ ಶುರು ಮಾಡಬೇಕು. ಗೆಳೆಯ ಹೇಳಿದ ಅಳತೆ ಎಷ್ಟೇ ಚೆನ್ನಾಗಿ ಕೇಳಿಸಿದರೂ ಅದು ಅವನ ಬಂದೂಕಿನ ಅಳತೆ, ಅಲ್ವಾ?

ನನ್ನ ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಂದೆ ಬರುವುದು ಮದ್ದು ಕೇಸನ್ನು ಎಷ್ಟು ತುಂಬುತ್ತದೆ ಅನ್ನುವುದು. .38 ಸ್ಪೆಷಲ್ ತೆಗೆದುಕೊಳ್ಳಿ. 1898ರ ಸುಮಾರಿಗೆ ಬಂದ ತೋಟಾ ಅದು, ಹೆಚ್ಚು ಜಾಗ ಹಿಡಿಯುತ್ತಿದ್ದ ಹಳೆಯ ಕಪ್ಪು ಮದ್ದಿನ ಲೆಕ್ಕದಲ್ಲಿ ಅದರ ಕೇಸ್ ಉದ್ದವಾಗಿದೆ. ಈಗಿನ ಬೇಗ ಉರಿಯುವ ಮದ್ದು ಹಾಕಿದರೆ ಅದು ತಳದಲ್ಲಿ ಒಂಚೂರು ಕೂತು, ಮೇಲೆಲ್ಲ ಖಾಲಿ. ಮರೆತು ಎರಡನೇ ಸಲ ಸುರಿದರೂ ಚೆಲ್ಲುವುದಿಲ್ಲ, ಸುಮ್ನೆ ಒಳಗೇ ಕೂರುತ್ತದೆ. ಹಾಗೆ ಎರಡು ಪಟ್ಟು ಬಿದ್ದ ಮದ್ದು ಬಂದೂಕನ್ನೇ ಒಡೆಯಬಲ್ಲದು. ಅದಕ್ಕೇ ನಾನು ಹೆಚ್ಚು ಜಾಗ ಹಿಡಿಯುವ ಮದ್ದನ್ನೇ ಆರಿಸುತ್ತೇನೆ. ಎರಡು ಪಟ್ಟು ಬಿದ್ದರೆ ಅದು ಬಾಯಿ ಮೀರಿ ಉಕ್ಕುತ್ತದೆ. ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಸ್ವಲ್ಪ ಖರ್ಚು ಜಾಸ್ತಿ, ಆಗಲಿ. ಆಮೇಲೂ ಮದ್ದು ಹಾಕಿದ ಕೇಸುಗಳನ್ನು ಮರದ ಹಲಗೆಯ ತೂತುಗಳಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರ ಒಳಗೂ ನೋಡುತ್ತೇನೆ. ಎಲ್ಲದರ ಮಟ್ಟವೂ ಒಂದೇ ಇರಬೇಕು. ಒಂದರ ಮೇಲೆ ಅನುಮಾನ ಬಂದರೂ ಅದನ್ನು ಖಾಲಿ ಮಾಡಿ ಮತ್ತೆ ತೂಗಬೇಕು.

ಹರಳಿನ ಆಕಾರವೂ ಮುಖ್ಯ. ದುಂಡು ಹರಳಿನ ಮದ್ದು ಅಳತೆಯ ಯಂತ್ರದಲ್ಲಿ ಮರಳಿನ ಹಾಗೆ ಇಳಿಯುತ್ತದೆ. ಉದ್ದ ಕಡ್ಡಿಯ ಮದ್ದು ಯಂತ್ರದ ಅಂಚಿಗೆ ಸಿಕ್ಕಿ ಕಟ್ ಅಂತ ಮುರಿಯುತ್ತದೆ, ಆಗ ಅಳತೆ ಏರುಪೇರಾಗುತ್ತದೆ. ಕಡ್ಡಿ ಮದ್ದಾದರೆ ಒಂದೊಂದನ್ನೂ ತೂಗುವುದೇ ವಾಸಿ. ಬಿಸಿಲಿಗೆ ಕೆಲವು ಮದ್ದುಗಳ ಒತ್ತಡ ಏರುತ್ತದೆ ಅನ್ನುವುದನ್ನೂ ಮರೆಯಬಾರದು. ಚಳಿಯಲ್ಲಿ ಸರಿಹೋದ ಅಳತೆ ಸುಡುಬಿಸಿಲಿನಲ್ಲಿ ಅತಿಯಾಗಬಹುದು.

ಇನ್ನು ಇಡುವ ವಿಚಾರ. ಮೂಲ ಡಬ್ಬಿಯಲ್ಲೇ ಇರಲಿ, ತಂಪು ಜಾಗದಲ್ಲಿ. ಎರಡು ಮದ್ದು ಬೆರೆಸುವುದು ಬೇಡವೇ ಬೇಡ. ಹೆಸರು ಅಳಿಸಿಹೋದ ಡಬ್ಬಿಯದನ್ನು ಊಹೆಯ ಮೇಲೆ ಬಳಸಬಾರದು. ಮುಚ್ಚಳ ತೆಗೆದಾಗ ಮೂಗಿಗೆ ಹುಳಿ ಘಾಟು ಬಡಿದರೆ, ಕೆಂಗಂದು ಹೊಗೆ ಅಥವಾ ಪುಡಿ ಕಂಡರೆ ಆ ಮದ್ದು ಹಾಳಾಗಿದೆ ಅಂತಲೇ ಅರ್ಥ.

ಇದನ್ನೆಲ್ಲ ಜರ್ಮನಿಯಲ್ಲಿ ಮದ್ದು ಕೈಗೆ ಸಿಗುವ ಮುಂಚೆಯೇ ಕಲಿಯಬೇಕು. ಅಮೆರಿಕದಲ್ಲೂ ತರಗತಿಗಳಿವೆ, ಬಂದೂಕು ಸಂಘ ಎನ್‌ಆರ್‌ಎ ರೀಲೋಡಿಂಗ್, ಅಂದರೆ ತೋಟಾ ತುಂಬುವುದನ್ನು, ಕಲಿಸುತ್ತದೆ. ಆದರೆ ಅದು ಇಷ್ಟ ಇದ್ದವರಿಗೆ ಮಾತ್ರ. ಇಲ್ಲಿನ ಗೆಳೆಯರು ಇದು ಸ್ವಾತಂತ್ರ್ಯದ ಪ್ರಶ್ನೆ ಅನ್ನುತ್ತಾರೆ. ಅವರ ಸ್ವಾತಂತ್ರ್ಯ ಅವರಿಗಿರಲಿ. ಆದರೆ ಶೂಟಿಂಗ್ ರೇಂಜಿನಲ್ಲಿ ಅವರ ಪಕ್ಕದಲ್ಲಿ ನಿಲ್ಲುವವನು ನಾನು. ಮೊದಲ ಡಬ್ಬಿ ಕೊಳ್ಳುವವರಿಗಾದರೂ ಒಂದು ದಿನದ ಪಾಠ ಕಡ್ಡಾಯ ಆಗಲೇಬೇಕು.