ಗಲ್ಲಾದ ಮೇಲಿನ ಎಕ್ಸ್‌ಪಿ

ಓಡ್ತಿರೋ ಯಾವುದನ್ನೂ ಹೋಟೆಲಿನವರು ಬದಲಾಯಿಸುವುದಿಲ್ಲ. ಗ್ರೈಂಡರ್ ಆಗಲಿ, ಕಂಪ್ಯೂಟರ್ ಆಗಲಿ. ಮುಂಬೈಯ ಮಾಟುಂಗಾದಲ್ಲಿರುವ ನಮ್ಮ ದೊಡ್ಡಪ್ಪನ ಹೋಟೆಲಿನ ಗಲ್ಲಾದ ಮೇಲೆ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಇದೆ. ಮೈಕ್ರೋಸಾಫ್ಟ್ 2014ರಲ್ಲೇ ಅದರ ಕೈಬಿಟ್ಟಿತು. ದೊಡ್ಡಪ್ಪ ಬಿಟ್ಟಿಲ್ಲ. ಬಿಲ್ ಮಾಡುವ ಪ್ರೋಗ್ರಾಂ ಅದಕ್ಕಿಂತ ಹಳೇದು, ವಿಂಡೋಸಿಗೂ ಮುಂಚಿನ ಡಾಸ್ ಕಾಲದ್ದು. ನೀಲಿ ಪರದೆ, ಬಿಳಿ ಅಕ್ಷರ. ಮೌಸಿಗೆ ಅಲ್ಲಿ ಕೆಲಸವೇ ಇಲ್ಲ.

ಭಾನುವಾರ ಬೆಳಿಗ್ಗೆ ಹೊರಗೆ ಫುಟ್‌ಪಾತ್ ತನಕ ಜನ ಕಾಯುತ್ತಿರುವಾಗ ಪರದೆ ಮೇಲೆ 'ಮೆಮೊರಿ ಸಾಲದು' ಅಂತ ಬಂತು. ಕಾರಣ ದೋಸೆ. ಪ್ರೋಗ್ರಾಂ ಶುರುವಾದಾಗ ತಿಂಡಿಗಳ ಪೂರಾ ಪಟ್ಟಿಯನ್ನು ಮೆಮೊರಿಗೆ ತುಂಬಿಕೊಳ್ಳುತ್ತೆ. ಸಾದಾ, ಮಸಾಲೆ, ಸೆಟ್ ಇದ್ದಾಗ ತೊಂದರೆ ಇರಲಿಲ್ಲ. ಚೀಸ್, ಪನೀರ್, ಶೆಜ್ವಾನ್ ಅಂತ ಪಟ್ಟಿ ಬೆಳೆದು ಕೊನೆಗೆ ಜಾಗ ಸಾಲಲಿಲ್ಲ. ದೋಸೆಗೆ ಶೆಜ್ವಾನ್ ಚಟ್ನಿ ಬಳಿದರೆ ಏನಾದರೂ ಆಗೇ ಆಗುತ್ತೆ ಅಂತ ನನಗೆ ಮೊದಲೇ ಅನುಮಾನವಿತ್ತು.

ಮರುದಿನ ದೊಡ್ಡಪ್ಪ ಸಿಪಿಯು ಡಬ್ಬವನ್ನು ಟ್ಯಾಕ್ಸಿಗೆ ಹಾಕಿಕೊಂಡು ಕಂಪ್ಯೂಟರ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರೋಡಿಗೆ ಹೋದರು. ಅಂಗಡಿಯವನು ಖುಷಿಯಾಗಿ 8 ಜಿಬಿ ಮೆಮೊರಿ, ಅಂದ್ರೆ ರ‍್ಯಾಮ್ ತುಂಬಿಸಿ ಕಳಿಸಿದ. ಆನ್ ಮಾಡಿದರೆ ಎಕ್ಸ್‌ಪಿ ತೋರಿಸಿದ್ದು 3.25 ಜಿಬಿ. ಬಿಲ್ ಪ್ರೋಗ್ರಾಂ ಮತ್ತೆ ಅದೇ ರಾಗ. ನನಗೆ ಫೋನ್ ಬಂತು.

"ಎಂತ ಮಾರಾಯ, ಎಂಟು ಹಾಕಿದ್ರೆ ಮೂರೂಕಾಲು! ಉಳಿದದ್ದು ಅವನೇ ಇಟ್ಕೊಂಡನಾ?"

ಅಂಗಡಿಯವನು ಕದ್ದಿರಲಿಲ್ಲ. ಕೇಳಲೂ ಇಲ್ಲ, ಹೇಳಲೂ ಇಲ್ಲ, ಅಷ್ಟೇ. ಮೆಮೊರಿಯ ಪ್ರತಿ ಬೈಟಿಗೂ ಒಂದು ನಂಬರ್ ಬೇಕು. ಈ ಎಕ್ಸ್‌ಪಿ ಆ ನಂಬರನ್ನು ಬರೆಯುವುದು 32 ಬಿಟ್‌ನಲ್ಲಿ, ಅಂದ್ರೆ 32 ಸೊನ್ನೆ-ಒಂದುಗಳಲ್ಲಿ. ಅಷ್ಟರಲ್ಲಿ ಸುಮಾರು 429 ಕೋಟಿ ನಂಬರ್ ಸಿಗುತ್ತೆ, ಅಂದ್ರೆ 4 ಜಿಬಿ. ಅದರಲ್ಲೂ ಒಂದಷ್ಟನ್ನು ಗ್ರಾಫಿಕ್ಸ್ ಕಾರ್ಡಿನಂಥವು ಹಿಡಿದುಕೊಳ್ಳುತ್ತವೆ. ಎಕ್ಸ್‌ಪಿ ಒಂದೊಂದು ಪ್ರೋಗ್ರಾಮಿಗೆ ಮಾಮೂಲಾಗಿ ಕೊಡುವುದು 2 ಜಿಬಿ.

"ಬಿಲ್ ಬುಕ್ಕಲ್ಲಿ ಟೇಬಲ್ ನಂಬರಿಗೆ ಎರಡೇ ಮನೆ ಇದ್ರೆ ನೂರನೇ ಟೇಬಲ್ ಹಾಕಿ ಪ್ರಯೋಜನ ಇಲ್ಲ, ಅಲ್ವಾ ದೊಡ್ಡಪ್ಪ?" ಅಂದೆ.

"ಹಾಗಾದ್ರೆ ನಮ್ಮ ಬಿಲ್ಲಿಗೆ ಎರಡು ಜಿಬಿ ಸಿಕ್ತದಲ್ಲ?"

ಅದೂ ಇಲ್ಲ. 1981ರ ಐಬಿಎಂ ಪಿಸಿಯಲ್ಲಿ ಒಟ್ಟು ಲೆಕ್ಕ 1024 ಕೆಬಿ, ಒಂದು ಜಿಬಿಯ ಸುಮಾರು ಸಾವಿರದಲ್ಲೊಂದು ಪಾಲು. ಮೇಲಿನ 384 ಪರದೆಗೂ ಯಂತ್ರದ ಸ್ವಂತ ಪ್ರೋಗ್ರಾಂ ಇರುವ ರೋಮ್ (ROM) ಚಿಪ್ಪಿಗೂ ಮೀಸಲು. ಪ್ರೋಗ್ರಾಮಿಗೆ ಉಳಿದದ್ದು 640. ಡಾಸ್ ಪ್ರೋಗ್ರಾಂ ಓಡಿಸಲು ಎಕ್ಸ್‌ಪಿ ಅದೇ ಹಳೇ ಲೋಕವನ್ನು ನಿಷ್ಠೆಯಿಂದ ಕಟ್ಟಿಕೊಡುತ್ತೆ, ಇಕ್ಕಟ್ಟಿನ ಸಮೇತ.

ಸಂಜೆ ಹೋಗಿ ಆಟೋಎಕ್ಸೆಕ್.ಎನ್‌ಟಿ ಫೈಲ್ ತೆರೆದೆ. ಡಾಸ್ ಪ್ರೋಗ್ರಾಮಿಗಿಂತ ಮೊದಲು ಏನೇನು ಓಡಬೇಕು ಅನ್ನುವ ಪಟ್ಟಿ ಅದು. ಯಾವತ್ತೋ ಗುಜರಿಗೆ ಹೋದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪ್ರೋಗ್ರಾಂ ಆ 640ರೊಳಗೇ ಕೂತಿತ್ತು. ಆ ಸಾಲಿನ ಮುಂದೆ 'ರೆಮ್', ಅಂದ್ರೆ ಈ ಸಾಲು ಬಿಟ್ಟುಬಿಡು, ಅಂತ ಹೊಡೆದು, ಪ್ರೋಗ್ರಾಂ ಮುಚ್ಚಿ ತೆರೆದೆ. ಮೊದಲ ಬಿಲ್ ಶೆಜ್ವಾನ್ ದೋಸೆಯದ್ದೇ ಬಂತು.

ದೊಡ್ಡಪ್ಪ ರ‍್ಯಾಮ್ ರಸೀದಿ ತಿರುಗಿಸಿ ನೋಡಿದರು. ಮಾರಿದ ಮಾಲು ವಾಪಸ್ ಇಲ್ಲ ಅಂತ ಅಚ್ಚಾಗಿತ್ತು.

"ಮಿಕ್ಕಿದ್ದನ್ನು ದೊಡ್ಡಮ್ಮನ ಮೊಬೈಲಿಗೆ ಹಾಕ್ಲಿಕ್ಕೆ ಆಗ್ತದಾ? ಅದರಲ್ಲೂ ಫುಲ್ ಫುಲ್ ಅಂತ ಬರ್ತಾ ಉಂಟು."