ಕೊನೆಯ ಹತ್ತು ನಿಮಿಷಕ್ಕೆ ಇಡೀ ಕಥೆಯನ್ನು ಬಲಿ ಕೊಡಬೇಡಿ

ಮೊನ್ನೆ ಭಾನುವಾರ ಮಣಿಪಾಲಕ್ಕೆ ಹೋಗಿ ಒಂದು ಸಿನಿಮಾ ನೋಡಿ ಬಂದೆ. ಹೆಸರು ಬೇಡ. ಒಬ್ಬ ಇನ್ಸ್‌ಪೆಕ್ಟರ್, ಅವನ ಹೆಂಡತಿ, ಕಾಣೆಯಾದ ಅವರ ಮಗಳು. ಮಗಳನ್ನು ಹುಡುಕುವುದೇ ಕಥೆ.

ಅದರಲ್ಲೊಂದು ದೃಶ್ಯ ಇದೆ. ಗಂಡ ಮನೆಯಲ್ಲಿಲ್ಲ. ಹೆಂಡತಿ ಒಬ್ಬಳೇ ಮಗಳ ಶಾಲೆಯ ಬ್ಯಾಗ್ ತೆಗೆಯುತ್ತಾಳೆ. ಒಳಗೆ ಟಿಫಿನ್ ಡಬ್ಬಿ. ಮೂರು ದಿನದ ಹಿಂದಿನ ಚಿತ್ರಾನ್ನ ಹಳಸಿ ನೀರು ಬಿಟ್ಟಿದೆ. ಅವಳು ಮೂಗು ಮುಚ್ಚಿಕೊಳ್ಳುವುದಿಲ್ಲ. ಡಬ್ಬಿಯನ್ನು ಎರಡು ಸಲ ತೊಳೆದು, ಸೀರೆ ಸೆರಗಿನಲ್ಲಿ ಒರೆಸಿ, ನಾಳೆಗೆ ಬೇಕು ಅನ್ನುವ ಹಾಗೆ ಸ್ಟ್ಯಾಂಡಿನಲ್ಲಿ ಮಗುಚಿ ಇಡುತ್ತಾಳೆ. ಮಾತಿಲ್ಲ, ಅಳು ಇಲ್ಲ. ನನ್ನ ಗಂಟಲು ಕಟ್ಟಿತು. ಇಡೀ ಸಿನಿಮಾದಲ್ಲಿ ನನಗೆ ಸಿಕ್ಕಿದ್ದು ಅದೊಂದೇ ದೃಶ್ಯ, ಅಷ್ಟು ಸಾಕಿತ್ತು.

ಆಮೇಲೆ ಕೊನೆಯ ಹತ್ತು ನಿಮಿಷ ಬಂತು. ಮಗಳು ಇರಲೇ ಇಲ್ಲವಂತೆ. ಎಲ್ಲ ಆ ಇನ್ಸ್‌ಪೆಕ್ಟರನ ತಲೆಯೊಳಗಿನ ಕಲ್ಪನೆಯಂತೆ. ಟಾಕೀಸಿನಲ್ಲಿ ಶಿಳ್ಳೆ, ಚಪ್ಪಾಳೆ. ಹೊರಗೆ ಸ್ಕೂಟರ್ ತೆಗೆಯುವಾಗ ಜೊತೆಗೆ ಬಂದಿದ್ದ ಹುಡುಗ, "ಸರ್, ಟ್ವಿಸ್ಟ್ ಎಂಥ ಸೂಪರ್ ಅಲ್ವಾ? ನಂಗೆ ಒಂಚೂರೂ ಗೊತ್ತಾಗ್ಲಿಲ್ಲ" ಅಂದ. ನನ್ನ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. ಹಾಗಾದರೆ ಆ ಡಬ್ಬಿ ತೊಳೆದದ್ದು ಯಾರು?

ಅವನಿಗೆ ಅರ್ಥವಾಗಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಲ್ಪನೆ ಗಂಡನದ್ದು. ಅಡುಗೆಮನೆಯಲ್ಲಿ ಇದ್ದದ್ದು ಹೆಂಡತಿ ಒಬ್ಬಳೇ. ಅಂದರೆ ನಿರ್ದೇಶಕರು ನಮ್ಮನ್ನು ಅಳಿಸಬೇಕಾದಾಗ ಆ ತಾಯಿಯನ್ನು ಬಳಸಿಕೊಂಡರು, ಬೆಚ್ಚಿಬೀಳಿಸಬೇಕಾದಾಗ ಕೈಬಿಟ್ಟರು. ನಾನು ಆ ತಾಯಿಗೆ ಕೊಟ್ಟ ದುಃಖ ಲೆಕ್ಕಕ್ಕೇ ಇಲ್ಲದೆ ಹೋಯಿತು. ನನಗೆ ಮೋಸ ಅನಿಸಿದ್ದು ಕೊನೆ ಏನು ಅಂತ ಮೊದಲೇ ತಿಳಿಯದೆ ಹೋದದ್ದಕ್ಕಲ್ಲ, ಇದಕ್ಕೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೊನೆಗೆ ಏನೂ ದಾರಿ ಕಾಣದಿದ್ದಾಗ "ಅವನಿಗೆ ಮಾನಸಿಕ ಕಾಯಿಲೆ" ಅಂತ ಮುಗಿಸುವುದು ಜಾಸ್ತಿಯಾಗಿದೆ. ಆ ಕಾಯಿಲೆ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರೂ ಟಿಕೆಟ್ ತಗೊಂಡು ಬಂದು ಅಲ್ಲಿ ಕೂತಿರುತ್ತಾರೆ. ದಯವಿಟ್ಟು ಸ್ವಲ್ಪ ಯೋಚಿಸಿ.

ನನಗೆ ಕಥೆ ನೋಡುವುದನ್ನು ಕಲಿಸಿದ್ದು ಸಿನಿಮಾ ಅಲ್ಲ, ಆಟ, ಅಂದರೆ ಯಕ್ಷಗಾನ. ನಮ್ಮ ಅಜ್ಜಿಯ ಮನೆ ಬ್ರಹ್ಮಾವರದಿಂದ ಒಳಗೆ, ಮಂದಾರ್ತಿ ಕಡೆ. ಕೊಯ್ಲು ಮುಗಿದ ಗದ್ದೆಯಲ್ಲಿ ಯಾರಾದರೂ ಹರಕೆ ಆಟ ಆಡಿಸಿದರೆ ಅಜ್ಜಿ ಚಾಪೆ ಸುತ್ತಿಕೊಂಡು ಹೊರಟೇಬಿಡುತ್ತಿದ್ದರು. ಹಿಂದೆ ನಾನು. ಏಳನೇ ಕ್ಲಾಸಿನಲ್ಲಿದ್ದಾಗಿನ ಒಂದು ರಾತ್ರಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನ ಪ್ರಸಂಗ ಕರ್ಣಭೇದನ, ಆಮೇಲೆ ಕರ್ಣಾರ್ಜುನ ಕಾಳಗ. ಬೆಳಗಿನ ಜಾವಕ್ಕೆ ಹತ್ತಿರ. ಇಬ್ಬನಿಗೆ ಚಾಪೆಯ ಅಂಚು ಒದ್ದೆ. ನಾನು ಅರ್ಧ ನಿದ್ದೆಯಲ್ಲಿದ್ದೆ. ರಂಗಸ್ಥಳದಲ್ಲಿ ಕೃಷ್ಣ, ನೀನು ಸೂತನ ಮಗನಲ್ಲ, ಕುಂತಿಯ ಮಗ ಅಂತ ಹೇಳಿಯಾಯಿತು. ಚಂಡೆ ನಿಂತಿತು. ಕರ್ಣನ ವೇಷಧಾರಿ ತುಂಬಾ ಹೊತ್ತು ಮಾತಾಡಲಿಲ್ಲ. ಸುಮ್ನೆ ತನ್ನ ಎರಡೂ ಕೈಯನ್ನು ನೋಡಿಕೊಂಡರು.

ಅಜ್ಜಿಯ ಎಡಗೈಯಲ್ಲಿ ವೀಳ್ಯದೆಲೆ ಇತ್ತು. ಬಲಗೈ ಬೆರಳಿನಲ್ಲಿ ಸುಣ್ಣ. ಆ ಸುಣ್ಣ ಎಲೆಗೆ ತಾಗಲೇ ಇಲ್ಲ. ಬೆರಳು ಹಾಗೇ ಗಾಳಿಯಲ್ಲಿ ನಿಂತಿತ್ತು, ಕಣ್ಣಲ್ಲಿ ನೀರು.

ನಾನು ಕೇಳಿದೆ, "ಅಜ್ಜಿ, ಈ ಕಥಿ ನಿಂಗ್ ಮೊದ್ಲೇ ಗೊತ್ತಿಲ್ಯಾ?"

"ನಂಗ್ ಗೊತ್ತಿತ್ ಮಗಾ. ಅವ್ನಿಗ್ ಗೊತ್ತಿಲ್ಲೆ ಅಲ್ದಾ?"

ಇಷ್ಟು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದ್ದೇನೆ. ಕಥೆಯ ತಿರುವಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನನಗೆ ಇನ್ನೂ ಸಿಕ್ಕಿಲ್ಲ. ತಿರುವು ಆಗಬೇಕಾದದ್ದು ಕರ್ಣನಿಗೆ. ಕಾಲಡಿಯ ನೆಲ ಕುಸಿಯಬೇಕಾದದ್ದು ಅವನದ್ದು. ನಾವು ಚಾಪೆಯ ಮೇಲೆ ಕೂತವರು. ನಮ್ಮನ್ನು ಬೆಚ್ಚಿಬೀಳಿಸುವುದೇ ಕೆಲಸ ಆಗಿದ್ದರೆ ಹಿಂದಿನಿಂದ ಬಂದು ಒಂದು ಪಟಾಕಿ ಹೊಡೆದರೂ ಸಾಕಲ್ವಾ?

ಅದೇ ಜಾಗವನ್ನು ಕುಮಾರವ್ಯಾಸ ಹೇಗೆ ಕಟ್ಟಿದ್ದಾನೆ ನೋಡಿ. ಗುಟ್ಟು ಹೇಳುವ ಮೊದಲು ಕೃಷ್ಣ ಕರ್ಣನ ಜೊತೆ "ಮೈದುನತನದ ಸರಸ" ಮಾಡುತ್ತಾನೆ. ರಥದಲ್ಲಿ ತನ್ನ ಪಕ್ಕಕ್ಕೇ ಎಳೆದು ಕೂರಿಸಿಕೊಳ್ಳುತ್ತಾನೆ. ಕರ್ಣನಿಗೆ ಗಾಬರಿ. ನಿಮ್ಮ ಸಮಕ್ಕೆ ನಾನು ಕೂರುವುದಾ, ಹೆದರಿಕೆ ಆಗುತ್ತದೆ ಅನ್ನುತ್ತಾನೆ. ಕೃಷ್ಣ ಇನ್ನೂ ಹತ್ತಿರ, ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿಯುತ್ತಾನೆ. ಮೊದಲ ಸಲ ಓದಿದಾಗ ಇದು ಬರೀ ಸಲುಗೆ. ಆದರೆ ಕುಂತಿ ಕೃಷ್ಣನ ಸೋದರತ್ತೆ. ಕರ್ಣ ಅವಳ ಮಗ. ಅಂದರೆ ಕರ್ಣ ನಿಜವಾಗಿಯೂ ಕೃಷ್ಣನ ಮೈದುನನೇ! ಗುಟ್ಟು ಹೊರಬೀಳುವ ಮೊದಲೇ ಆ ಒಂದು ಶಬ್ದದಲ್ಲಿ ಎಲ್ಲವೂ ಇದೆ. ಬಚ್ಚಿಟ್ಟದ್ದಲ್ಲ, ಕಣ್ಣೆದುರೇ ಇಟ್ಟದ್ದು. ಪಾಠ ಮಾಡುವಾಗ ಆ ಶಬ್ದ ಬಂದಲ್ಲಿ ನನಗೆ ಪ್ರತಿ ವರ್ಷ ಮೈ ಜುಂ ಅನ್ನುತ್ತದೆ.

ನಮ್ಮ ಊರಿನ ಆಟದಲ್ಲಿ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಕಥೆ ಯಾರಿಗೂ ಗುಟ್ಟಲ್ಲ. ಆದರೆ ಮಾತು ಗುಟ್ಟು. ಭಾಗವತರು ಹಾಡುವ ಪದ್ಯ ಮಾತ್ರ ಬರೆದಿಟ್ಟದ್ದು. ಅರ್ಥ ಹೇಳುವವರು, ಅಂದರೆ ಪಾತ್ರದ ಮಾತಾಡುವವರು, ತಮ್ಮ ಮಾತನ್ನು ಅಲ್ಲೇ, ಆಗಲೇ ಕಟ್ಟಬೇಕು. ಎದುರಿನ ಅರ್ಥಧಾರಿ ಎಂತಹ ಪ್ರಶ್ನೆ ಎಸೆಯುತ್ತಾರೆ ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಿರುವುದಿಲ್ಲ. ಕರ್ಣ ಏನೇ ವಾದ ಮಾಡಲಿ, ಕೊನೆಗೆ ಕೌರವನ ಕಡೆಗೇ ಉಳಿಯಬೇಕು. ಹಾಗಿದ್ದೂ ಇವತ್ತಿನ ಕರ್ಣ ಯಾವ ಕಾರಣ ಕೊಟ್ಟು ಉಳಿಯುತ್ತಾನೆ ಅಂತ ಕೇಳಲು ಜನ ನಿದ್ದೆ ಬಿಟ್ಟು ಕೂರುತ್ತಾರೆ.

2011ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. 12 ಸಣ್ಣಕಥೆ ಆರಿಸಿ, ಕೆಲವರಿಗೆ ಅಂತ್ಯವನ್ನು ಮೊದಲೇ ಹೇಳಿ ಓದಲು ಕೊಟ್ಟರು, ಕೆಲವರಿಗೆ ಹೇಳದೆ ಕೊಟ್ಟರು. ಒಟ್ಟಾರೆ ನೋಡಿದರೆ ಮೊದಲೇ ಗೊತ್ತಿದ್ದವರಿಗೇ ಕಥೆ ಸ್ವಲ್ಪ ಜಾಸ್ತಿ ಹಿಡಿಸಿತ್ತು. ಆಮೇಲಿನ ಕೆಲವು ಅಧ್ಯಯನಗಳು ಇದಕ್ಕೆ ಉಲ್ಟಾ ಹೇಳಿವೆ, ಅದೂ ನಿಜ. ನನಗಂತೂ ಅಜ್ಜಿಯ ಆ ಬೆರಳು ಸಾಕು.

ಹಾಗಂತ ನಾನು ಟ್ವಿಸ್ಟ್‌ನ ವಿರೋಧಿ ಅಲ್ಲ. ಒಳ್ಳೆಯ ತಿರುವು ಅಂದರೆ ನನಗೆ ಪ್ರಾಣ. ಎರಡು ಸಿನಿಮಾ ಹೆಸರು ಹೇಳುತ್ತೇನೆ. ನೋಡದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.

ಒಂದು, 2014ರಲ್ಲಿ ಬಂದ ನಮ್ಮ 'ದೃಶ್ಯ'. ಅದರ ಮೂಲ ಮಲಯಾಳದ್ದು. ಕೊಲೆ ಹೇಗಾಯಿತು, ಯಾರಿಂದಾಯಿತು ಅಂತ ನಮಗೆ ಮೊದಲೇ ತೋರಿಸಿಬಿಡುತ್ತಾರೆ. ಬಚ್ಚಿಟ್ಟದ್ದು ಒಂದೇ ವಿಷಯ, ಹೆಣ ಎಲ್ಲಿದೆ ಅನ್ನುವುದು. ಕೊನೆಗೆ ಅದು ಹೊಸ ಪೊಲೀಸ್ ಠಾಣೆಯ ನೆಲದಡಿಯಲ್ಲೇ ಇದೆ ಅಂತ ತಿಳಿದಾಗ ಹಿಂದಿನ ಯಾವ ದೃಶ್ಯವೂ ಸುಳ್ಳಾಗುವುದಿಲ್ಲ. ಮನೆಯವರನ್ನು ಉಳಿಸಲು ಹೆಣ ಬಚ್ಚಿಟ್ಟ ಆ ಅಪ್ಪ ಎಷ್ಟು ಹೆದರಿದ್ದ, ಹೆದರಿಕೆಯಲ್ಲೂ ಎಷ್ಟು ದೂರ ಯೋಚಿಸಿದ್ದ ಅಂತ ಅವನ ಮೇಲಿನ ಪ್ರೀತಿ ಇನ್ನೂ ಹೆಚ್ಚಾಗುತ್ತದೆ.

ಇನ್ನೊಂದು, 1999ರ 'ದಿ ಸಿಕ್ಸ್ತ್ ಸೆನ್ಸ್'. ಅದರ ನಿರ್ದೇಶಕರು ಹುಟ್ಟಿದ್ದು ನಮ್ಮ ಇದೇ ಕರಾವಳಿಯ ಮಾಹೆಯಲ್ಲಿ. ಮಂಗಳೂರಿನಿಂದ ಕೋಯಿಕ್ಕೋಡ್ ಕಡೆ ರೈಲು ಹತ್ತಿದರೆ ತಲಶ್ಶೇರಿ ದಾಟಿ ಸಿಗುವ ಪುಟ್ಟ ಊರು. ಆ ಸಿನಿಮಾದಲ್ಲಿ ಒಬ್ಬ ಹುಡುಗ ತನಗೆ ಚಿಕಿತ್ಸೆ ಕೊಡುವ ಡಾಕ್ಟರ ಮುಖ ನೋಡಿಕೊಂಡೇ ಹೇಳುತ್ತಾನೆ, ನನಗೆ ಸತ್ತವರು ಕಾಣುತ್ತಾರೆ, ಅವರಿಗೆ ತಾವು ಸತ್ತಿದ್ದೇವೆ ಅಂತ ಗೊತ್ತಿಲ್ಲ ಅಂತ. ಉತ್ತರವನ್ನೇ ಕೈಗೆ ಕೊಟ್ಟ ಹಾಗೆ! ಆದರೂ ಆ ಡಾಕ್ಟರೇ ಸತ್ತವರು ಅಂತ ನಮಗೆ ಹೊಳೆಯುವುದಿಲ್ಲ. ಹೋಟೆಲಿನಲ್ಲಿ ಡಾಕ್ಟರ ಹೆಂಡತಿ ಅವರ ಕಡೆ ತಿರುಗಿಯೂ ನೋಡದೆ ಬಿಲ್ ತಗೊಂಡು ಎದ್ದು ಹೋಗುತ್ತಾಳೆ. ಮೊದಲ ಸಲ ಅದು ಮುನಿಸು ಅನಿಸುತ್ತದೆ. ಎರಡನೇ ಸಲ ನೋಡಿದರೆ, ಅವಳು ಮದುವೆಯ ದಿನವನ್ನು ಒಬ್ಬಳೇ ಕೂತು ಆಚರಿಸುತ್ತಿದ್ದಾಳೆ. ಆ ದೃಶ್ಯ ಸಾಯಲಿಲ್ಲ, ಅದರೊಳಗಿಂದ ಇನ್ನೊಂದು ದೃಶ್ಯ ಎದ್ದು ಬಂತು. ಮುಖ್ಯವಾಗಿ, ಆ ಸತ್ಯ ಮೊದಲು ಬಡಿಯುವುದು ಆ ಡಾಕ್ಟರಿಗೆ.

ಈ ವರ್ಷ ಪಿಯುಸಿ ಮಕ್ಕಳ ಒಂದು ಕಥಾಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. 43 ಕಥೆ ಬಂದಿದ್ದವು. ಮಕ್ಕಳು ಕನ್ನಡದಲ್ಲಿ ಕಥೆ ಬರೆಯುತ್ತಿದ್ದಾರೆ ಅನ್ನುವುದೇ ನನಗೆ ದೊಡ್ಡ ಖುಷಿ. ಆದರೆ ಅರ್ಧಕ್ಕಿಂತ ಜಾಸ್ತಿ ಕಥೆಗಳ ಕೊನೆಯ ಸಾಲು ಒಂದೇ ತರ. "ಅವಳು ಸತ್ತು ಆಗಲೇ ಮೂರು ವರ್ಷವಾಗಿತ್ತು." "ಎಚ್ಚರವಾದಾಗ ಎಲ್ಲವೂ ಕನಸಾಗಿತ್ತು." ಮಕ್ಕಳ ತಪ್ಪಲ್ಲ. ಕಥೆ ಅಂದರೆ ಕೊನೆಯಲ್ಲಿ ಹೊಡೆಯುವ ಪೆಟ್ಟು ಅಂತಲೇ ಅವರಿಗೆ ಎಲ್ಲ ಕಡೆಯಿಂದ ತೋರಿಸುತ್ತಿದ್ದೇವೆ.

ಅದರ ನಡುವೆ ಒಬ್ಬಳು ಹುಡುಗಿಯ ಕಥೆ ಇತ್ತು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವವರು. ದಿನಾ ರಾತ್ರಿ ಫೋನ್ ಮಾಡುತ್ತಾರೆ. ಊಟ ಆಯ್ತಾ ಅಂತ ಕೇಳಿ ಒಂದೇ ನಿಮಿಷಕ್ಕೆ ಇಡುತ್ತಾರೆ. ಹಿಂದೆ ಪ್ಲೇಟಿನ ಸದ್ದು. ಗಲ್ಲಾದಲ್ಲಿ ರಶ್ ಮಗಾ ಅನ್ನುತ್ತಾರೆ. ಊರಿಗೆ ಬಂದಾಗ ರಾತ್ರಿ ಮಲಗುವ ಮುಂಚೆ ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಬೆರಳಿನ ಸಂದಿಗೆಲ್ಲ ತಿಕ್ಕುತ್ತಾರೆ. ಕೊನೆಗೆ ಮಗಳು ಹೇಳದೆ ಕೇಳದೆ ಬೊಂಬಾಯಿಗೆ ಹೋಗುತ್ತಾಳೆ. ಗಲ್ಲಾದಲ್ಲಿ ಬೇರೆ ಯಾರೋ. ಅಪ್ಪ ಹಿಂದುಗಡೆ ತೊಟ್ಟಿಯ ಹತ್ತಿರ, ಮೊಣಕೈವರೆಗೆ ಸೋಪಿನ ನೀರಿನಲ್ಲಿ, ಪ್ಲೇಟ್ ತೊಳೆಯುತ್ತಿದ್ದಾರೆ. ಅಲ್ಲಿಗೆ ಕಥೆ ಮುಗಿದಿತ್ತು.

ನಾನು ಕಥೆಯನ್ನು ತಿರುಗಿ ಮೊದಲಿಂದ ಓದಿದೆ. ತೆಂಗಿನೆಣ್ಣೆಯ ಸಾಲು ಬಂದಾಗ ಪುಟ ಮಗುಚಲು ಆಗಲಿಲ್ಲ. ಸೋಪಿನ ನೀರಿಗೆ ಬೆರಳ ಸಂದಿಯ ಚರ್ಮ ಬಿರಿಯುತ್ತದೆ ಅಂತ ಆ ಹುಡುಗಿಗೆ ಗೊತ್ತಿದೆ. ಅದನ್ನು ಯಾರೂ ಅವಳಿಗೆ ಪಾಠ ಮಾಡಿದ್ದಲ್ಲ.

ಬಹುಮಾನದ ದಿನ ಸಿಕ್ಕಿದಳು. ಅವಳಿಗೆ ಒಂದೇ ಚಿಂತೆ. "ಸರ್, ಎಣ್ಣೆ ವಿಷಯ ಬರೆದದ್ದು ಜಾಸ್ತಿ ಆಯ್ತಾ? ಓದುವವರಿಗೆ ಮೊದಲೇ ಗೊತ್ತಾಗಿಬಿಡುತ್ತಾ?"

ಗೊತ್ತಾದರೆ ಆಗಲಿ ಬಿಡಮ್ಮ ಅಂದೆ. ನಮಗೆ ಗೊತ್ತಾಗಲಿ, ನಾವು ಸಂಕಟಪಡುತ್ತಾ ಕೂರುತ್ತೇವೆ. ಆ ಮಗಳಿಗೆ ಗೊತ್ತಾದ ಮೇಲೆ ಅವಳು ಏನು ಮಾಡುತ್ತಾಳೆ, ಅದನ್ನು ಬರಿ ಅಂದೆ. ಅಜ್ಜಿಯ ಮಾತನ್ನೂ ಹೇಳಿದೆ.

ಕಳೆದ ವಾರ ಅದನ್ನೇ ತಿದ್ದಿ ಬರೆದು ವಾಟ್ಸಾಪಿನಲ್ಲಿ ಕಳಿಸಿದ್ದಾಳೆ. ಅವಳನ್ನು ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ. ಈಗಿನ ಕಥೆಯಲ್ಲಿ ಮಗಳು ಅಪ್ಪನನ್ನು ತೊಟ್ಟಿಯ ಹತ್ತಿರ ನೋಡುತ್ತಾಳೆ, ಅಪ್ಪ ಅವಳನ್ನು ನೋಡುವುದಿಲ್ಲ. ಅವಳು ಮಾತಾಡಿಸದೆ ರೈಲು ಹತ್ತಿ ವಾಪಸ್ ಬರುತ್ತಾಳೆ. ರಾತ್ರಿ ಎಂದಿನಂತೆ ಫೋನ್ ಬರುತ್ತದೆ. ಹಿಂದೆ ಪ್ಲೇಟಿನ ಸದ್ದು. ಊಟ ಆಯ್ತಾ ಅಂತ ಅಪ್ಪ ಕೇಳುವ ಮೊದಲೇ ಅವಳು ಕೇಳುತ್ತಾಳೆ, "ಗಲ್ಲಾದಲ್ಲಿ ಇವತ್ತೂ ರಶ್ಶಾ ಅಪ್ಪಾ?"